ಜಿನೋತ್ಸವದ ಅಲಂಕಾರ ವೈಭವ: ಒಂದು ಐತಿಹಾಸಿಕ ಅವಲೋಕನ

ಕೃಷ್ಣೆ ಮತ್ತು ಘಟಪ್ರಭೆಯರ ಮಡಿಲಲ್ಲಿರುವ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಈ ಸೀಮೆಯಲ್ಲಿ ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವವೆಂದರೆ ಊರಿಗೆ ಊರೇ ಮದುವಣಗಿತ್ತಿಯಂತೆ ಸಿಂಗಾರಗೊಳ್ಳುವ ಕಾಲ. ತೋಟದಿಂದ ಬಾಳೆಯ ಕಂಬಗಳು ಬರುತ್ತವೆ. ಹೊಲದಿಂದ ಗರಿಸಹಿತವಾದ ಕಬ್ಬು ಬರುತ್ತದೆ. ಚೆಂಡುಹೂವು, ಸೇವಂತಿಗೆಗಳು ಬುಟ್ಟಿ ಬುಟ್ಟಿಯಾಗಿ ಬಂದು ಬಸದಿಯ ಕಟ್ಟೆಯ ಮೇಲೆ ರಾಶಿಯಾಗುತ್ತವೆ. ಮನೆಮನೆಯ ಮುಂದೆ ಸಾರಣೆ, ರಂಗವಲ್ಲಿ. ಓಣಿ ಓಣಿಗೆ ತಳಿರು ತೋರಣ, ಪಂಚವರ್ಣದ ಧ್ವಜ. ಎತ್ತುಗಳ ಕೊಂಬಿಗೂ ಬಣ್ಣ ಬೀಳುತ್ತದೆ, ಮೈಮೇಲೆ ಜೂಲು ಏರುತ್ತದೆ. ಸನಾದಿಯ ದನಿಗೆ, ಕರಡಿ ಮಜಲಿನ ಪೆಟ್ಟಿಗೆ ಮುದುಕರ ಹೆಜ್ಜೆಯೂ ಹಗುರಾಗುತ್ತದೆ. ಇಂದ್ರ-ಇಂದ್ರಾಣಿಯರಾಗಿ ಕಿರೀಟ ಧರಿಸಿದ ನಮ್ಮ ನೆರೆಮನೆಯ ದಂಪತಿಗಳನ್ನು ಗುರುತಿಸಲು ಒಂದು ಕ್ಷಣ ಬೇಕಾಗುತ್ತದೆ.

ಈ ವೈಭವವನ್ನು ಕಂಡು ಸಂತೋಷಪಡುವವರಂತೆಯೇ ಸಂದೇಹಪಡುವವರೂ ಉಂಟು. "ಅಪರಿಗ್ರಹವನ್ನು ಬೋಧಿಸುವ ಧರ್ಮ ನಮ್ಮದು. ನಾವು ಪೂಜಿಸುವ ಜಿನಬಿಂಬದ ಮೇಲೆ ಒಂದು ಎಳೆ ನೂಲೂ ಇಲ್ಲ. ಅಂತಹ ದಿಗಂಬರ ಮೂರ್ತಿಯ ಸುತ್ತ ಇಷ್ಟೊಂದು ಬಣ್ಣ, ಇಷ್ಟೊಂದು ಬೆಡಗು ಏಕೆ?" ಎಂದು ಅವರು ಕೇಳುತ್ತಾರೆ. ಪ್ರಶ್ನೆ ಹೊಸದಲ್ಲ, ಅನುಚಿತವೂ ಅಲ್ಲ. ಅದಕ್ಕೆ ಉತ್ತರವನ್ನು ನಮ್ಮ ಪುರಾಣಗಳಲ್ಲಿಯೂ ನಮ್ಮದೇ ನೆಲದ ಶಾಸನ ಹಾಗೂ ಕಾವ್ಯಗಳ ಚರಿತ್ರೆಯಲ್ಲಿಯೂ ಹುಡುಕುವುದು ಈ ಲೇಖನದ ಉದ್ದೇಶ.

ಪುರಾಣಕಾರರ ಕಣ್ಣಿನಲ್ಲಿ ಅಲಂಕಾರ

ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣವನ್ನಾಗಲಿ, ಅದನ್ನು ಆಧರಿಸಿ ಕ್ರಿ.ಶ. 941ರಲ್ಲಿ ಪಂಪನು ರಚಿಸಿದ ಕನ್ನಡ ಆದಿಪುರಾಣವನ್ನಾಗಲಿ ಓದಿದವರಿಗೆ ಒಂದು ಮಾತು ಸ್ಪಷ್ಟವಾಗುತ್ತದೆ. ವೈರಾಗ್ಯವನ್ನು ಪರಮ ಮೌಲ್ಯವೆಂದು ಸಾರಿದ ಈ ಆಚಾರ್ಯರೂ ಕವಿಗಳೂ ಅಲಂಕಾರದ ವಿಷಯದಲ್ಲಿ ಎಳ್ಳಷ್ಟೂ ಜಿಪುಣರಲ್ಲ. ತೀರ್ಥಂಕರರು ಗರ್ಭಕ್ಕೆ ಬರುವ ಆರು ತಿಂಗಳ ಮೊದಲೇ ಕುಬೇರನು ರತ್ನಗಳ ಮಳೆಗರೆಯಲು ತೊಡಗುತ್ತಾನೆ. ಜನ್ಮವಾಗುವವರೆಗೆ ಹದಿನೈದು ತಿಂಗಳು ಆ ಮಳೆ ನಿಲ್ಲುವುದಿಲ್ಲ. ಜನ್ಮಕಲ್ಯಾಣಕ್ಕೆಂದು ಸೌಧರ್ಮೇಂದ್ರನು ಏರಿಬರುವ ಐರಾವತದ ವರ್ಣನೆಯನ್ನು ನೋಡಬೇಕು. ಅದಕ್ಕೆ ಮೂವತ್ತೆರಡು ಮುಖ. ಮುಖಕ್ಕೆ ಎಂಟೆಂಟು ದಂತ. ದಂತಕ್ಕೆ ಒಂದೊಂದು ಸರೋವರ. ಒಂದೊಂದು ಸರೋವರದಲ್ಲಿ ಮೂವತ್ತೆರಡು ತಾವರೆ. ಒಂದೊಂದು ತಾವರೆಗೆ ಮೂವತ್ತೆರಡು ಎಸಳು. ಆ ಎಸಳುಗಳ ಮೇಲೆ ನರ್ತಿಸುವ ಅಪ್ಸರೆಯರು! ಲೆಕ್ಕ ಹಾಕಿದರೆ ಸರೋವರಗಳು 256. ಎಸಳುಗಳ ಸಂಖ್ಯೆಯೊಂದೇ ಎರಡೂವರೆ ಲಕ್ಷವನ್ನು ದಾಟುತ್ತದೆ. ಕೂಸನ್ನು ನೋಡಲು ಇಂದ್ರನಿಗೆ ಎರಡು ಕಣ್ಣು ಸಾಲದೆ ಸಾವಿರ ಕಣ್ಣು ಮಾಡಿಕೊಳ್ಳುತ್ತಾನೆ. ಪಾಂಡುಕಶಿಲೆಯ ಮೇಲೆ 1008 ಕಲಶಗಳ ಕ್ಷೀರಾಭಿಷೇಕವಾದ ನಂತರ ಶಚೀದೇವಿ ಆ ಮಗುವಿಗೆ ತಾನೇ ಆಭರಣ ತೊಡಿಸುತ್ತಾಳೆ. ಅಷ್ಟಕ್ಕೂ ತೃಪ್ತನಾಗದ ಇಂದ್ರನು ತಾನೇ ಕುಣಿದು ಆನಂದನಾಟಕವನ್ನು ಆಡುತ್ತಾನೆ.

ಇಲ್ಲಿ ಅಳತೆಯನ್ನು ಮೀರುವುದೇ ಕವಿಯ ಇಂಗಿತ. ಮಹತ್ತಾದುದು ಭೂಮಿಗೆ ಇಳಿಯುವಾಗ ಲೋಕವು ಲೆಕ್ಕ ಇಟ್ಟುಕೊಂಡು ಸಂತೋಷಪಡುವುದಿಲ್ಲ. ನಮ್ಮ ಊರಿನ ಬೀದಿಯಲ್ಲಿ ಐರಾವತದ ಮೆರವಣಿಗೆ ಹೊರಟಾಗ, ಹಂದರದಲ್ಲಿ ಹದಿನಾರು ಸ್ವಪ್ನಗಳ ಚಿತ್ರ ತೂಗಿದಾಗ, ತೀರ್ಥಂಕರ ಬಾಲಕನ ತೊಟ್ಟಿಲನ್ನು ಹೂವಿನಲ್ಲಿ ಮುಚ್ಚಿದಾಗ ನಾವು ಮಾಡುತ್ತಿರುವುದು ಆ ಸಾವಿರ ಕಣ್ಣಿನ ಆನಂದದ ಒಂದು ಸಣ್ಣ ಅನುಕರಣೆ. ಇದಕ್ಕೆ ನಮ್ಮ ಶಾಸ್ತ್ರವು ಧರ್ಮಪ್ರಭಾವನೆಯೆಂದು ಹೆಸರಿಟ್ಟಿದೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಅದೂ ಒಂದು.

ತೇರದಾಳದ ಗೊಂಕ ಜಿನಾಲಯ

ಈ ಸೀಮೆಯಲ್ಲಿ ಪ್ರತಿಷ್ಠಾ ಮಹೋತ್ಸವದ ಚರಿತ್ರೆಯನ್ನು ಹೇಳಹೊರಟವರು ರಬಕವಿ-ಬನಹಟ್ಟಿಗೆ ಸಮೀಪದ ತೇರದಾಳವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದ ಕಾಲ. ಕೂಂಡಿ ಮೂರುಸಾವಿರ ನಾಡು ರಟ್ಟರ ವಶದಲ್ಲಿತ್ತು. ತೇರಿದಾಳ ಹನ್ನೆರಡು ಅದರೊಳಗಿನ ಒಂದು ಭಾಗ. ಅಲ್ಲಿನ ಮಾಂಡಲಿಕನಾದ ಗೊಂಕನು ನೇಮಿನಾಥ ಸ್ವಾಮಿಗೆ ಒಂದು ಜಿನಾಲಯವನ್ನು ಕಟ್ಟಿಸಿ ಶಕವರ್ಷ 1045ರಲ್ಲಿ, ಎಂದರೆ ಕ್ರಿ.ಶ. 1123ರ ಸುಮಾರಿಗೆ, ಅದರ ಪ್ರತಿಷ್ಠೆಯನ್ನು ನೆರವೇರಿಸಿದನು. ರಟ್ಟ ದೊರೆ ಕಾರ್ತವೀರ್ಯನು ಆ ಕಾರ್ಯಕ್ಕೆ ಬಂದನು. ಕೊಲ್ಲಾಪುರದ ರೂಪನಾರಾಯಣ ಬಸದಿಯ ಆಚಾರ್ಯರಾಗಿದ್ದ ಮಾಘನಂದಿ ಸೈದ್ಧಾಂತಿಕರ ಸಾನ್ನಿಧ್ಯವೂ ದೊರೆಯಿತು. ಈ ವಿಷಯಗಳನ್ನು ತಿಳಿಸುವ ಹಳಗನ್ನಡ ಶಾಸನವನ್ನು ಕೆ. ಬಿ. ಪಾಠಕರು 1885ರಲ್ಲಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಪ್ರಕಟಿಸಿ ವಿದ್ವಲ್ಲೋಕದ ಗಮನಕ್ಕೆ ತಂದರು.

ಅದೇ ಕಲ್ಲಿನ ಮೇಲೆ 1182 ಮತ್ತು 1187ರ ದಾನಗಳೂ ದಾಖಲಾಗಿವೆ. ಅಯ್ಯಾವೊಳೆಯ ಹೆಸರಿನಿಂದ ಪ್ರಸಿದ್ಧವಾಗಿದ್ದ ವರ್ತಕಸಂಘದ ವೀರಬಣಂಜಿಗರೂ ದಾನಿಗಳ ಸಾಲಿನಲ್ಲಿದ್ದಾರೆ. ಆ ಅಯ್ಯಾವೊಳೆಯೇ ಇಂದಿನ ಐಹೊಳೆ, ಕ್ರಿ.ಶ. 634ರಲ್ಲಿ ರವಿಕೀರ್ತಿಯು ಮೇಗುಟಿಯ ಜಿನಾಲಯವನ್ನು ಕಟ್ಟಿಸಿದ ಊರು, ನಮ್ಮ ಬಾಗಲಕೋಟೆ ಜಿಲ್ಲೆಯದೇ. ಹೀಗೆ ದೊರೆ, ಮಾಂಡಲಿಕ, ಮುನಿ, ವ್ಯಾಪಾರಿ ಎಲ್ಲರೂ ಒಂದೇ ಬಸದಿಯ ನೆರಳಿಗೆ ಬಂದದ್ದನ್ನು ಆ ಕಲ್ಲು ಹೇಳುತ್ತದೆ. ಆ ಯುಗದ ಬಸದಿಶಾಸನಗಳಲ್ಲಿ ಮತ್ತೆ ಮತ್ತೆ ಕಾಣುವ ದಾನಗಳು ಮೂರು: ಜಿನರ ಅಷ್ಟವಿಧಾರ್ಚನೆ, ಋಷಿಯರ ಆಹಾರದಾನ, ಖಂಡಸ್ಫುಟಿತ ಜೀರ್ಣೋದ್ಧಾರ. ಹೂವು, ಗಂಧ, ದೀಪ, ಧೂಪಗಳಿಗಾಗಿ ಕೊಟ್ಟ ದಾನವು ಮುನಿಗಳ ಆಹಾರಕ್ಕಾಗಿ ಕೊಟ್ಟ ದಾನದ ಪಕ್ಕದಲ್ಲಿಯೇ ನಿಂತಿದೆ. ಒಂದನ್ನು ಅಗತ್ಯವೆಂದೂ ಇನ್ನೊಂದನ್ನು ಆಡಂಬರವೆಂದೂ ಹಿರಿಯರು ಎಣಿಸಲಿಲ್ಲ.

ಇಲ್ಲಿ ಬೀಳಗಿಯ ಬಗ್ಗೆ ಒಂದು ಮಾತು ಹೇಳುವುದು ಉಚಿತ. ಬೀಳಗಿಯ ರತ್ನತ್ರಯ ಬಸದಿಯ ಹೆಸರನ್ನು ಕೇಳಿ ಅದು ನಮ್ಮ ಬೀಳಗಿಯದೆಂದು ತಿಳಿಯುವವರಿದ್ದಾರೆ. ಅದು ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲೂಕಿನ ಬೀಳಗಿ. ಹೆಸರು ಒಂದೇ ಆದರೂ ಊರು ಬೇರೆ, ಅರಸುಮನೆತನವೂ ಬೇರೆ.

ನೇಮಿನಾಥನ ಎರಡು ಹಂದರಗಳು

ತೇರದಾಳದಲ್ಲಿ ಗೊಂಕನು ಪ್ರತಿಷ್ಠಾಪಿಸಿದ್ದು ನೇಮಿನಾಥನನ್ನು ಎಂಬ ಸಂಗತಿ ನಮ್ಮ ವಿಷಯಕ್ಕೆ ಬಹಳ ಮುಖ್ಯ. ಏಕೆಂದರೆ ಇಪ್ಪತ್ತನಾಲ್ಕು ತೀರ್ಥಂಕರರಲ್ಲಿ ಸಿಂಗರಿಸಿದ ಹಂದರದ ಬಾಗಿಲವರೆಗೆ ಬಂದು ಹಿಂದಿರುಗಿದವನು ಅವನೇ. ಉಗ್ರಸೇನನ ಮಗಳಾದ ರಾಜೀಮತಿಯೊಡನೆ ವಿವಾಹ ನಿಶ್ಚಯವಾಗಿತ್ತು. ಯದುಕುಲದ ವೈಭವವೆಲ್ಲ ಬೀದಿಗೆ ಬಂದಿತ್ತು. ರಥ, ಛತ್ರ, ಚಾಮರ, ಮಂಗಳವಾದ್ಯ, ತೋರಣ ಯಾವುದಕ್ಕೂ ಕೊರತೆಯಿರಲಿಲ್ಲ. ಆ ಸಂಭ್ರಮದ ನಡುವೆ ವರನ ಕಿವಿಗೆ ಬೇರೊಂದು ದನಿ ಬಿತ್ತು. ಔತಣಕ್ಕೆಂದು ಕೂಡಿಹಾಕಿದ್ದ ಮೂಕಪ್ರಾಣಿಗಳ ಆಕ್ರಂದನ ಅದು. ಸಾರಥಿಯನ್ನು ಕೇಳಿ ಕಾರಣ ತಿಳಿದ ನೇಮಿಕುಮಾರನು ಸಂಸಾರಕ್ಕೆ ಬೆನ್ನು ತಿರುಗಿಸಿದನು. ಆಭರಣಗಳನ್ನು ಕಳಚಿ ಊರ್ಜಯಂತ ಗಿರಿಯನ್ನು ಏರಿದನು. ಈ ಕಥೆ ನಮ್ಮ ನಾಡಿಗೆ ಎಷ್ಟು ಪ್ರಿಯವಾಗಿತ್ತೆಂದರೆ, ಹನ್ನೆರಡನೆಯ ಶತಮಾನದಲ್ಲಿಯೇ ಕರ್ಣಪಾರ್ಯನು ಕನ್ನಡದಲ್ಲಿ ನೇಮಿನಾಥ ಪುರಾಣವನ್ನು ರಚಿಸಿದನು.

ಇಷ್ಟನ್ನೇ ಕೇಳಿದವರು, ನೇಮಿನಾಥನು ಅಲಂಕಾರವನ್ನು ತಿರಸ್ಕರಿಸಿದನೆಂದು ಹೇಳಬಹುದು. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಕೇವಲಜ್ಞಾನವಾದಾಗ ಅದೇ ನೇಮಿನಾಥನಿಗಾಗಿ ಇಂದ್ರನ ಆಜ್ಞೆಯಿಂದ ಸಮವಸರಣವು ಸಿದ್ಧವಾಯಿತು. ಮದುವೆಯ ಹಂದರವು ಅದರ ಮುಂದೆ ಏನೂ ಅಲ್ಲ. ರತ್ನಧೂಳಿಯ ಪ್ರಾಕಾರ, ನಾಲ್ಕು ದಿಕ್ಕಿಗೆ ನಾಲ್ಕು ಮಾನಸ್ತಂಭ, ಖಾತಿಕೆ, ಲತಾವನ, ಧ್ವಜಭೂಮಿ, ನಡುವೆ ಗಂಧಕುಟಿ. ಅಶೋಕವೃಕ್ಷ, ಸಿಂಹಾಸನ, ಮುಕ್ಕೊಡೆ, ಅರವತ್ತನಾಲ್ಕು ಚಾಮರ, ದುಂದುಭಿ, ಪುಷ್ಪವೃಷ್ಟಿ, ಪ್ರಭಾಮಂಡಲ, ದಿವ್ಯಧ್ವನಿ ಎಂಬ ಅಷ್ಟಮಹಾಪ್ರಾತಿಹಾರ್ಯಗಳು. ಅಲ್ಲಿದ್ದ ಹನ್ನೆರಡು ಕೋಷ್ಠಗಳಲ್ಲಿ ಒಂದು ಪ್ರಾಣಿಗಳಿಗೆ ಮೀಸಲು. ಮೊದಲನೆಯ ಹಂದರದಲ್ಲಿ ಕೊರಳು ಕೊಡಬೇಕಾಗಿದ್ದ ಜೀವಜಾತಿಗಳು ಎರಡನೆಯ ಹಂದರದಲ್ಲಿ ಸಭಾಸದರಾಗಿ ಕುಳಿತು ಧರ್ಮವನ್ನು ಆಲಿಸಿದವು.

ಆದುದರಿಂದ ನೇಮಿನಾಥನು ತೊರೆದದ್ದು ಹಿಂಸೆಯ ಮೇಲೆ ನಿಂತ ಹಂದರವನ್ನು. ಜೀವದಯೆಯ ಮೇಲೆ ನಿಂತ ವೈಭವಕ್ಕೆ ಅವನ ಚರಿತೆಯಲ್ಲಿ ಎಲ್ಲಕ್ಕಿಂತ ದೊಡ್ಡ ಸ್ಥಾನವಿದೆ. ಆದರೆ ಆ ಮಹಾವೈಭವದ ನಟ್ಟನಡುವೆ ಸಿಂಹಾಸನವನ್ನೂ ಮುಟ್ಟದೆ ನಾಲ್ಕು ಅಂಗುಲ ಮೇಲೆ ನೆಲಸಿದವನು ಮಾತ್ರ ನಿರಾಭರಣ, ದಿಗಂಬರ! ಸಮವಸರಣದ ಈ ಚಿತ್ರವೇ ನಮ್ಮ ಬಸದಿಗಳ ಅಲಂಕಾರಕ್ಕೆ ಮೂಲ. ಬಾಗಿಲಿಗೆ ತೋರಣ, ಕಂಬಕ್ಕೆ ಬಾಳೆ, ಮೇಲೆ ವಿತಾನ, ಮುಂದೆ ಅಷ್ಟಮಂಗಲ, ನೆಲದಲ್ಲಿ ಬಣ್ಣಬಣ್ಣದ ಮಂಡಲ. ಒಳಗೆ ಬರಿಯ ಶಾಂತಮುದ್ರೆ. ಸುತ್ತ ಬಣ್ಣ ಹೆಚ್ಚಿದಷ್ಟೂ ಆ ಶಾಂತಿ ಎದ್ದು ಕಾಣುತ್ತದೆ.

ಬಳೆಗಾರರ ಕುಲದ ಕವಿಚಕ್ರವರ್ತಿ

ಮುಧೋಳವೆಂದೊಡನೆ ಕನ್ನಡಿಗರಿಗೆ ನೆನಪಾಗುವುದು ರನ್ನ. ಕ್ರಿ.ಶ. 949ರಲ್ಲಿ ಅಂದಿನ ಮುದುವೊಳಲಿನಲ್ಲಿ ಜಿನವಲ್ಲಭ ಮತ್ತು ಅಬ್ಬಲಬ್ಬೆಯರ ಮಗನಾಗಿ ಅವನು ಹುಟ್ಟಿದನು. ಕುಲವೃತ್ತಿ ಬಳೆಗಾರಿಕೆ. ಮಂಗಳಕಾರ್ಯ ಯಾರ ಮನೆಯಲ್ಲಿದ್ದರೂ ಮೊದಲು ಬರುವ ಬಣ್ಣ ಬಳೆಗಾರನ ಮಲಾರದ್ದು. ಅಂತಹ ಕುಲದಲ್ಲಿ ಹುಟ್ಟಿದವನು ವಿದ್ಯೆಯನ್ನು ಅರಸಿ ಶ್ರವಣಬೆಳಗೊಳದತ್ತ ನಡೆದು, ಅಜಿತಸೇನಾಚಾರ್ಯರ ಶಿಷ್ಯನಾಗಿ, ಚಾವುಂಡರಾಯನ ಆಶ್ರಯವನ್ನು ಪಡೆದು, ಕಡೆಗೆ ಚಾಲುಕ್ಯ ತೈಲಪನಿಂದ ಕವಿಚಕ್ರವರ್ತಿಯೆನಿಸಿದನು. ಗದಾಯುದ್ಧದ ಕವಿಯೆಂದು ಲೋಕವೆಲ್ಲ ಬಲ್ಲ ರನ್ನನು ಶ್ರಾವಕರಾದ ನಮಗೆ ಅಜಿತಪುರಾಣದ ಕವಿ. ಎರಡನೆಯ ತೀರ್ಥಂಕರರ ಪಂಚಕಲ್ಯಾಣಗಳನ್ನು ಹಾಡುವ ಆ ಕೃತಿ 993ರಲ್ಲಿ ಪೂರ್ಣವಾಯಿತು. ಅದನ್ನು ಬರೆಯಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ.

ಅತ್ತಿಮಬ್ಬೆಯ ದಾನದ ವಿವರವನ್ನು ಇಂದಿನ ಪ್ರತಿಯೊಂದು ಪ್ರತಿಷ್ಠಾ ಸಮಿತಿಯೂ ಮನನ ಮಾಡಬೇಕು. ಅವಳು ಒಂದೂವರೆ ಸಾವಿರ ರತ್ನಖಚಿತ ಸುವರ್ಣ ಜಿನಪ್ರತಿಮೆಗಳನ್ನು ಮಾಡಿಸಿ ಕೊಟ್ಟಳು. ಬರಿಯ ಪ್ರತಿಮೆ ಕೊಟ್ಟು ಸುಮ್ಮನಾಗದೆ ಅದರೊಡನೆ ಗಂಟೆ, ದೀಪಮಾಲೆ, ತೋರಣ, ವಿತಾನಗಳನ್ನೂ ಕೂಡಿಸಿ ಕೊಟ್ಟಳು. ಅಲಂಕಾರವಿಲ್ಲದೆ ಪ್ರತಿಷ್ಠೆಯು ಪೂರ್ಣವಾಗದೆಂಬ ತಿಳಿವಳಿಕೆ ಇಲ್ಲಿದೆ. ಪೊನ್ನನ ಶಾಂತಿಪುರಾಣವು ಮರೆಯಾದೀತೆಂದು ಅದರ ಒಂದು ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಕೈಯೂ ಅದೇ. ಲಕ್ಕುಂಡಿಯಲ್ಲಿ 1007ರ ಸುಮಾರಿಗೆ ಜಿನಾಲಯವನ್ನು ಕಟ್ಟಿಸಿದ ಕೈಯೂ ಅದೇ. ತೋರಣವೋ ಗ್ರಂಥವೋ ಎಂಬ ವಾದಕ್ಕೆ ಅತ್ತಿಮಬ್ಬೆಯ ಬದುಕು ಎಂದೋ ಉತ್ತರ ಕೊಟ್ಟಿದೆ. 1899ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಜೈನ ಸಭೆಯು ಸಮಾಜದ ಮಕ್ಕಳಿಗಾಗಿ ವಿದ್ಯಾರ್ಥಿನಿಲಯಗಳನ್ನು ತೆರೆದಾಗ ಅದು ನಡೆದದ್ದು ಆ ಶಾಸ್ತ್ರದಾನದ ಹಾದಿಯಲ್ಲಿಯೇ.

ಅಲಂಕಾರವನ್ನು ಕಲ್ಲಿಗೇ ಒಪ್ಪಿಸಿದವರೂ ಉಂಟು. ರಟ್ಟ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನು 1204ರಲ್ಲಿ ಬೆಳಗಾವಿಯಲ್ಲಿ ಕಟ್ಟಿಸಿದ ಜಿನಾಲಯವನ್ನು ಜನರು ಕಮಲ ಬಸದಿಯೆಂದೇ ಕರೆಯುತ್ತಾರೆ. ಅದರ ಮಂಟಪದ ಮೇಲ್ಛಾವಣಿಯಿಂದ ತಲೆಕೆಳಗಾಗಿ ಅರಳಿದ ಕಮಲದ ಎಸಳುಗಳಲ್ಲಿ ಭೂತ, ವರ್ತಮಾನ, ಭವಿಷ್ಯತ್ಕಾಲಗಳ ಎಪ್ಪತ್ತೆರಡು ತೀರ್ಥಂಕರರಿದ್ದಾರೆ. ಹಬ್ಬದ ದಿನ ಕಟ್ಟಿ ಮರುದಿನ ಬಿಚ್ಚುವ ಹೂವಿನ ವಿತಾನವನ್ನು ಶಿಲ್ಪಿಯು ಎಂಟುನೂರು ವರ್ಷ ಬಾಡದಂತೆ ಕಟ್ಟಿಹೋಗಿದ್ದಾನೆ. ಅಲ್ಲಿಯ ಮೂಲನಾಯಕನೂ ನೇಮಿನಾಥನೇ.

ತೊಡುವುದೂ ಕಳಚುವುದೂ

ಪಂಚಕಲ್ಯಾಣದ ವಿಧಿಯನ್ನು ಗಮನವಿಟ್ಟು ನೋಡಿದವರಿಗೆ ಅದರಲ್ಲಿ ಅಲಂಕಾರಕ್ಕೂ ಒಂದು ಕ್ರಮವಿರುವುದು ತಿಳಿಯುತ್ತದೆ. ಗರ್ಭ ಮತ್ತು ಜನ್ಮಕಲ್ಯಾಣಗಳಲ್ಲಿ ಅದು ಏರುತ್ತ ಹೋಗುತ್ತದೆ. ವಿಧಿನಾಯಕ ಬಿಂಬಕ್ಕೆ ಬಾಲ್ಯದ ಆಭರಣ, ತೊಟ್ಟಿಲು. ಅನಂತರ ರಾಜ್ಯಾಭಿಷೇಕದ ಕಿರೀಟ, ಕುಂಡಲ. ದೀಕ್ಷಾಕಲ್ಯಾಣದ ದಿನ ಪಲ್ಲಕ್ಕಿಯು ವನಕ್ಕೆ ಹೋಗುತ್ತದೆ. ತೊಡಿಸಿದ್ದೆಲ್ಲವನ್ನೂ ಒಂದೊಂದಾಗಿ ತೆಗೆಯಲಾಗುತ್ತದೆ. ಮುನ್ನಾದಿನ ಜಯಘೋಷದಿಂದ ತುಂಬಿದ್ದ ಹಂದರದಲ್ಲಿ ಆ ಹೊತ್ತಿಗೆ ಸೂಜಿ ಬಿದ್ದರೂ ಕೇಳುವಂತಹ ಮೌನ. ತಾಯಂದಿರ ಕಣ್ಣು ತುಂಬುವುದು ಆಗಲೇ. ಮುನ್ನಾದಿನ ಅಷ್ಟೊಂದು ತೊಡಿಸದೆ ಇದ್ದಿದ್ದರೆ ಈ ದಿನ ಕಳಚುವುದರ ಅರ್ಥವು ಹೃದಯಕ್ಕೆ ತಟ್ಟುತ್ತಿರಲಿಲ್ಲ.

ಪಂಪನ ಆದಿಪುರಾಣದ ನೀಲಾಂಜನೆಯ ಪ್ರಸಂಗವೂ ಇದನ್ನೇ ಹೇಳುತ್ತದೆ. ಆದಿದೇವನ ಸಭೆಯಲ್ಲಿ ಸರ್ವಾಲಂಕಾರಭೂಷಿತೆಯಾಗಿ ಕುಣಿಯುತ್ತಿದ್ದ ದೇವನರ್ತಕಿ ಆಯುಷ್ಯ ತೀರಿ ಕುಣಿತದ ನಡುವೆಯೇ ಮಾಯವಾದಳು. ರಸಭಂಗವಾಗದಂತೆ ಇಂದ್ರನು ಅವಳಂತಹ ಇನ್ನೊಬ್ಬಳನ್ನು ಸೃಷ್ಟಿಸಿದನು. ಸಭೆಗೆ ತಿಳಿಯದ ಆ ವ್ಯತ್ಯಾಸ ಆದಿದೇವನಿಗೆ ತಿಳಿಯಿತು. ಅಲ್ಲಿಯೇ ವೈರಾಗ್ಯ ಮೂಡಿತು. ಅಂದು ಸಭೆಯ ಸೊಬಗೇ ವೈರಾಗ್ಯಕ್ಕೆ ಬಾಗಿಲಾಯಿತು.

ಸಿದ್ಧಚಕ್ರ, ಗಣಧರವಲಯ, ಕಲಿಕುಂಡ ಮೊದಲಾದ ವಿಧಾನಗಳಿಗೆ ಬಣ್ಣದ ಹುಡಿಯಿಂದ ಮಂಡಲವನ್ನು ಬರೆಯುವವರ ತಾಳ್ಮೆಯನ್ನು ನೋಡಿದವರೇ ಬಲ್ಲರು. ಬೆನ್ನು ಬಗ್ಗಿಸಿ ತಾಸುಗಟ್ಟಲೆ ಎಳೆದ ರೇಖೆಗಳು ವಿಧಾನ ಮುಗಿದೊಡನೆ ವಿಸರ್ಜನೆಯಾಗುತ್ತವೆ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದಲ್ಲಿ ಇದೇ ತತ್ತ್ವವು ಬೆಟ್ಟದಷ್ಟು ಎತ್ತರಕ್ಕೆ ನಿಲ್ಲುತ್ತದೆ. 58 ಅಡಿಯ ಬಾಹುಬಲಿಯು ಹಾಲಿನಿಂದ ಬೆಳ್ಳಗೆ, ಅರಿಶಿನದಿಂದ ಹಳದಿಯಾಗಿ, ಚಂದನದಿಂದ ಕೆಂಪಾಗಿ ಕಂಗೊಳಿಸುತ್ತಾನೆ. ಸಹಸ್ರಮಾನೋತ್ಸವದ 1981ರಲ್ಲಿ ಪ್ರಧಾನಿ ಶ್ರೀಮತಿ ಇಂದಿರಾ ಗಾಂಧಿಯವರು ಹೆಲಿಕಾಪ್ಟರಿನಿಂದ ಪುಷ್ಪವೃಷ್ಟಿ ಮಾಡಿದರು. 1993, 2006, 2018ರಲ್ಲಿಯೂ ಲಕ್ಷಾಂತರ ಜನರು ಆ ಬಣ್ಣಗಳ ಹೊಳೆಯನ್ನು ಕಂಡರು. ಕಡೆಗೆ ನೀರು ಸುರಿಯುತ್ತದೆ. ಎಲ್ಲ ಬಣ್ಣವೂ ಇಳಿದು ಅದೇ ಶಿಲೆ, ಅದೇ ಮುಗುಳುನಗೆ ಉಳಿಯುತ್ತದೆ. ಶ್ವೇತಾಂಬರ ಬಂಧುಗಳು ಜಿನಬಿಂಬಕ್ಕೆ ಅಂಗರಚನೆ ಮಾಡಿ ಭಕ್ತಿಯನ್ನು ಸಲ್ಲಿಸುತ್ತಾರೆ. ಅದು ಅವರ ಮಾರ್ಗ. ದಿಗಂಬರ ಪರಂಪರೆಯಲ್ಲಿ ಬಣ್ಣವು ಬಂದು ಹೋಗುವ ಅತಿಥಿ.

ಇಂದಿನ ಸಂದರ್ಭದಲ್ಲಿ

ಈ ಚರಿತ್ರೆಯನ್ನು ನೆನೆದಾಗ ಇಂದಿನ ನಮ್ಮ ಉತ್ಸವಗಳ ಬಗ್ಗೆ ಕೆಲವು ಮಾತು ಹೇಳಬೇಕೆನಿಸುತ್ತದೆ. ಹಂದರವು ದೊಡ್ಡದಾಯಿತೆಂಬುದು ದೂರುವ ವಿಷಯವಲ್ಲ. ಹಂದರ ಹಾಕುವ ಕೆಲಸದಿಂದ ನಮ್ಮ ಕೈಗಳು ದೂರವಾಗುತ್ತಿರುವುದು ಯೋಚಿಸಬೇಕಾದ ವಿಷಯ. ಪ್ಲಾಸ್ಟಿಕ್ಕಿನ ಹೂವು, ಥರ್ಮಾಕೋಲಿನ ಕಂಬಗಳನ್ನು ಗುತ್ತಿಗೆಗೆ ಕೊಟ್ಟು ನಾವು ಪ್ರೇಕ್ಷಕರಾಗಿ ಕುಳಿತರೆ ಅಲಂಕಾರವಾಗುತ್ತದೆ, ಆರಾಧನೆ ಆಗುವುದಿಲ್ಲ. ತೋರಣ ಪೋಣಿಸುವ ಅಜ್ಜಿಯ ಪಕ್ಕದಲ್ಲಿ ಕುಳಿತ ಮೊಮ್ಮಗಳು ಕಲಿಯುವುದು ಹೂವಿನ ಗಂಟು ಹಾಕುವುದನ್ನಷ್ಟೇ ಅಲ್ಲ. ಮಂಗಲದ್ರವ್ಯಗಳ ಹೆಸರು, ತೀರ್ಥಂಕರರ ಕಥೆ, ನೆರೆಹೊರೆಯವರ ನಂಟು ಎಲ್ಲವೂ ಆ ದಾರದಲ್ಲಿಯೇ ಸೇರಿ ಬರುತ್ತವೆ. ರಬಕವಿ-ಬನಹಟ್ಟಿಗಳು ನೇಕಾರರ ಊರುಗಳು. ನಮ್ಮ ವಿತಾನಕ್ಕೆ, ಧ್ವಜಕ್ಕೆ ಅಲ್ಲಿಯ ಮಗ್ಗದ ಹತ್ತಿಬಟ್ಟೆ ಬಂದರೆ ನೇಯ್ದವನಿಗೂ ಉತ್ಸವದ ಪಾಲು ಸಿಗುತ್ತದೆ. ಹುಳುಗಳನ್ನು ಕೊಂದು ತೆಗೆದ ರೇಷ್ಮೆಯ ದೋಷದಿಂದಲೂ ನಾವು ಪಾರಾಗುತ್ತೇವೆ.

ನೇಮಿನಾಥನ ಮೊದಲ ಹಂದರವನ್ನು ನಾವು ಮರೆಯಬಾರದು. ರಾತ್ರಿಯೆಲ್ಲ ಉರಿಯುವ ವಿದ್ಯುದ್ದೀಪಗಳ ಸುತ್ತ ಬೆಳಗಾಗುವಷ್ಟರಲ್ಲಿ ಎಷ್ಟು ಹುಳುಗಳು ಸತ್ತು ಬಿದ್ದಿರುತ್ತವೆ ಎಂಬುದನ್ನು ಹಂದರ ಗುಡಿಸುವವರನ್ನು ಕೇಳಬೇಕು. ಸೂರ್ಯಾಸ್ತದ ನಂತರ ಊಟವನ್ನೇ ಬಿಟ್ಟವರು ಆ ದೀಪಗಳನ್ನು ಬೇಗ ಆರಿಸಬಾರದೇಕೆ? ಮದ್ದಿನ ಸದ್ದು ನಮಗೆ ಬೇಡ, ಸನಾದಿಯೇ ಸಾಕು. ಬೆದರಿದ ಆನೆಯನ್ನು ಜನಸಂದಣಿಯಲ್ಲಿ ನಡೆಸುವುದಕ್ಕಿಂತ ನಮ್ಮ ಬಡಿಗರು ಕಟ್ಟಿದ ಕಟ್ಟಿಗೆಯ ಐರಾವತವೇ ಚೆಂದ. ಮೂವತ್ತೆರಡು ಮುಖ, ಎರಡೂವರೆ ಲಕ್ಷ ಎಸಳುಗಳ ಐರಾವತವನ್ನು ಕಲ್ಪಿಸಿದ ಪರಂಪರೆಗೆ ಕಟ್ಟಿಗೆಯ ಆನೆಯನ್ನು ಸಿಂಗರಿಸುವುದು ಕಷ್ಟವೆ? ಹಾಗೆಯೇ ಹಂದರಕ್ಕೆ ಎತ್ತಿದ ಹಣದಲ್ಲಿ ಒಂದು ಪಾಲು ಗ್ರಂಥಕ್ಕೆ, ಒಂದು ಪಾಲು ಓದುವ ಮಕ್ಕಳಿಗೆ ಸಲ್ಲಲಿ. ಆಗ ಅತ್ತಿಮಬ್ಬೆಯ ಹೆಸರನ್ನು ಹೇಳುವ ಅಧಿಕಾರ ನಮಗಿರುತ್ತದೆ.

ಈ ಸೀಮೆಯ ಜನರಿಗೆ ಉತ್ಸವದ ಬೆಲೆ ಏನೆಂಬುದನ್ನು ಹೊರಗಿನವರು ಹೇಳಬೇಕಾಗಿಲ್ಲ. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಬೀಳಗಿ ತಾಲೂಕಿನ ಅನೇಕ ಹಳ್ಳಿಗಳು ಮುಳುಗಿ ಜನರು ಹೊಸ ನೆಲೆಗಳಲ್ಲಿ ಮನೆ ಕಟ್ಟಿಕೊಂಡರು. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆಗಳು ಉಕ್ಕಿ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಭಾಗದ ಊರುಗಳಿಗೆ ನುಗ್ಗಿದವು. ಮನೆಮಠ ಕಳೆದುಕೊಂಡವರು ಹೊಸ ಬಾಗಿಲಿಗೆ ಮೊದಲ ತೋರಣವನ್ನು ಕಟ್ಟಿದ ಗಳಿಗೆಗೆ ಆಡಂಬರವೆಂದು ಹೆಸರಿಡಲಾದೀತೇ? ನಾವಿನ್ನೂ ಇದ್ದೇವೆ, ನಮ್ಮ ಧರ್ಮವೂ ಇದೆ ಎಂದು ಆ ಹಸಿರು ಎಲೆಗಳು ಊರಿಗೆಲ್ಲ ಸಾರುತ್ತವೆ.

ಗೊಂಕನ ಪ್ರತಿಷ್ಠೆಯ ದಿನ ತೇರದಾಳದ ಬೀದಿಗೆ ಕಟ್ಟಿದ ತಳಿರು ಮರುದಿನವೇ ಬಾಡಿರಬೇಕು. ಒಂಬತ್ತು ಶತಮಾನಗಳು ಕಳೆದರೂ ಬಾಡದೆ ಉಳಿದದ್ದು, ಎಲ್ಲರೂ ಕೂಡಿ ಒಂದು ಒಳ್ಳೆಯ ಕಾರ್ಯಕ್ಕೆ ಮನಸ್ಸು ತುಂಬಿ ಕೊಟ್ಟರೆಂಬ ಸಂಗತಿ. ಈ ಪ್ರತಿಷ್ಠಾ ಮಹೋತ್ಸವದ ಹಂದರವನ್ನೂ ನಾವು ನಾಳೆ ಬಿಚ್ಚಲಿದ್ದೇವೆ. ಬಿಚ್ಚುವ ಮುನ್ನ ಕೈ ಬಿಗಿಹಿಡಿಯದೆ, ಬಣ್ಣಕ್ಕೆ ನಾಚದೆ, ಜೀವಕ್ಕೆ ನೋವಾಗದಂತೆ ಸಿಂಗರಿಸೋಣ. ಸಮಸ್ತ ಶ್ರಾವಕ-ಶ್ರಾವಿಕೆಯರ ಮನೆಗಳಲ್ಲಿ ಆ ಸಂತೋಷವು ನೆಲೆಸಲಿ; ಜಿನಶಾಸನವು ಬೆಳಗಲಿ.